ಗಾಡಿ ಹೊತ್ತಿಗೆ ಬಂದರೆ ಸಿಟ್ಟಾಗುತ್ತಿದ್ದವರು

ಹೋದ ತಿಂಗಳು ವಾಡಿಯಲ್ಲಿ ಗಾಡಿ ಇಳಿದಾಗ ಹಮಾಲನೊಬ್ಬ ನನ್ನ ಟ್ರಂಕಿಗೆ ಕೈ ಹಾಕುತ್ತ, "ನಿಮ್ಮ ಕಾಂಟೇವಾಲಾ ಮುತ್ಯಾ ಹೋದ್ರಲ್ರೀ ಸಾಹೇಬ್ರ, ಯುಗಾದಿ ಮುಂದ" ಎಂದ. ಇಂಥ ಸುದ್ದಿ ಕೇಳಿದರೆ ಒಳ್ಳೆಯ ಮನುಷ್ಯನಿಗೆ ಮೊದಲು ದುಃಖ ಬರಬೇಕು. ನನಗೆ ಬಂದದ್ದು ಚಿಂತೆ. ಹಾಗಾದರೆ ಶರಣಮ್ಮನ ಜೋಳದ ಹಳ್ಳು-ಕಲ್ಲು ಆರಿಸಿ ಹಸನು ಮಾಡಲು ಇನ್ನು ಜನ ಕಳಿಸುವವರು ಯಾರು? ದುಃಖ ಆಮೇಲೆ, ಪ್ರಯಾಣಿಕರು ತಂಗುವ ಮುಸಾಫಿರಖಾನೆಯ ಬಾಗಿಲು ದಾಟುವಾಗ ಬಂತು. ನನ್ನ ಎಲ್ಲ ಭಾವನೆಗಳೂ ಹೀಗೆಯೇ. ಚಿಂತೆಯನ್ನು ಮುಂದೆ ಕಳಿಸಿ, ಅದು ಜಾಗ ಹಿಡಿದ ಮೇಲೆ ತಾವು ನಿಧಾನಕ್ಕೆ ಬರುತ್ತವೆ.

ಮುತ್ಯಾರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಹೆಸರು ತಗೊಂಡು ಏನ್ ಮಾಡ್ತೀರಿ? ಆ ಮದ್ರಾಸ್ ಮೇಲ್ ಗಾಡಿಗಿ ಎಷ್ಟು ದೊಡ್ಡ ಹೆಸರದ, ಜಲ್ದಿ ಬರ್ತದೇನು?" ಎಂದಿದ್ದರು. ಮುತ್ಯಾ ಅಂದರೆ ನಮ್ಮ ಕಡೆ ಅಜ್ಜ, ಕಾಂಟೇವಾಲಾ ಅಂದರೆ ರೈಲಿನ ಹಳಿ ಬದಲಿಸುವವನು. ಹರೆಯದಲ್ಲಿ ಅವರು ಅದೇ ಕೆಲಸದಲ್ಲಿದ್ದರು. ಒಂದು ದಿನ ಶಂಟಿಂಗ್ ನಡೆದಾಗ ಡಬ್ಬಿಗಳ ನಡುವೆ ದಾಟಲು ಹೋಗಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಹುಡುಗರು ಕೇಳಿದರೆ ಕಾಗಿಣಾ ಹೊಳೆಯ ಮೊಸಳೆ ತಿಂದಿತೆಂದು ಹೇಳುತ್ತಿದ್ದರು. ಫೌಜಿನವರು ಕೇಳಿದರೆ ಲಡಾಯಿಯ ಕಥೆ ಹೇಳುತ್ತಿದ್ದರು. ಸ್ವಾಮಿಗಳು ಯಾರಾದರೂ ಕೇಳಿದರೆ ಹಿಂದಿನ ಜನ್ಮದ ಕರ್ಮವೆಂದು ತಲೆ ಬಾಗಿಸುತ್ತಿದ್ದರು. ನನಗೆ ಮಾತ್ರ ನಿಜ ಹೇಳಿದ್ದರು. ತಪ್ಪು ಯಾರದೆಂದು ಕೇಳಿದೆ. "ಅವಸರದ್ದು. ಅವಸರಕ್ಕ ಒಂದು ಕಾಲು ಕೊಟ್ಟೀನಿ. ಇನ್ನೊಂದು ಕೊಡಂಗಿಲ್ಲ" ಎಂದರು.

ಆಮೇಲೆ ಮುಸಾಫಿರಖಾನೆಯ ಹೊರಗೆ, ಬೇವಿನ ಮರದ ಕಟ್ಟೆಯ ಮೇಲೆ ಬೀಡಿ, ಎಲೆ-ಅಡಿಕೆ ಇಟ್ಟುಕೊಂಡು ಕೂತರು. ಬೀಡಿ ಮಾರುವುದು ನೆಪ. ಅವರ ನಿಜವಾದ ಕಸುಬು ಬೇರೆ ಇತ್ತು.

ಅದು ಅರ್ಥವಾಗಬೇಕಾದರೆ ವಾಡಿ ಅರ್ಥವಾಗಬೇಕು. ವಾಡಿ ಎಂಬ ಊರು ಇರುವುದೇ ಕಾಯಲಿಕ್ಕೆ. ಹೈದರಾಬಾದಿನ ಕಡೆಯಿಂದ, ಸೇಡಂ, ಚಿತ್ತಾಪುರ ದಾಟಿ ಬಂದವರು ಇಲ್ಲಿ ಇಳಿದು ಬೊಂಬಾಯಿ ಗಾಡಿ ಕಾಯಬೇಕು. ಮದ್ರಾಸಿನ ಕಡೆಯಿಂದ ಬಂದವರು ಹೈದರಾಬಾದಿನ ಗಾಡಿ ಕಾಯಬೇಕು. ಗಾಡಿಗಳು ಒಂದನ್ನೊಂದು ಕಾಯುತ್ತವೆ. ಜನ ಕಂಬಳಿ ಹಾಸಿ ಬಿದ್ದುಕೊಂಡು, ಆಕಳಿಸಿ, ಜಗಳಾಡಿ, ಬುತ್ತಿ ಬಿಚ್ಚಿ, ಮತ್ತೆ ಆಕಳಿಸಿ ಹೊತ್ತು ಕಳೆಯುತ್ತಾರೆ. ಇಷ್ಟೊಂದು ಕೈ, ಕಾಲು, ಕಣ್ಣು ದಿನವೂ ಸುಮ್ಮನೆ ಬಿದ್ದಿರುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಊರಿನಲ್ಲಿ ಇನ್ನೊಂದು ಕಡೆ ಕಣ್ಣಿಲ್ಲದ ಶರಣಮ್ಮ ಇದ್ದಳು. ಕಿವಿ ಕೇಳಿಸದ, ಮಾತು ಬಾರದ ಚಪ್ಪಲಿ ಹೊಲಿಯುವ ಸಾಬಣ್ಣನಿದ್ದ. ಶಹಾಬಾದಿನ ಕಲ್ಲುಗಣಿಯಲ್ಲಿ ಎರಡೂ ಕೈ ಕಳೆದುಕೊಂಡು ಅಣ್ಣನ ಮನೆಗೆ ಬಂದು ಬಿದ್ದ ಮುದುಕನೊಬ್ಬನಿದ್ದ. "ಇಲ್ಲಿ ಖಾಲಿ ಡಬ್ಬಿ ನಿಂತಾವ, ಅಲ್ಲಿ ಮಾಲು ಬಿದ್ದದ. ನಡುವ ಕಾಂಟಾ ತಿರುವೋದು ಅಷ್ಟೇ ನನ್ನ ಕೆಲಸ" ಎನ್ನುತ್ತಿದ್ದರು.

ತಿರುವುವ ಬಗೆ ಹೀಗೆ. ಯಾರಾದರೂ ಬೀಡಿ ಕೊಳ್ಳಲು ಬಂದರೆ ಊರು, ಗಾಡಿ ಎಲ್ಲ ವಿಚಾರಿಸುವರು. ಗಾಡಿ ತಡವೆಂದು ತಾವೇ ಕನಿಕರ ತೋರಿಸುವರು. ಗಂಟು ಇಲ್ಲೇ ಇಡ್ರಿ, ಕಳ್ಳರು ಭಾಳ, ನಾ ನೋಡ್ಕೋತೀನಿ ಎಂದು ಗಂಟನ್ನು ತಮ್ಮ ಬಗಲಿಗೆ ಎಳೆದುಕೊಳ್ಳುವರು. ಗಂಟು ಭದ್ರವಾದ ಮೇಲೆ ಮೆಲ್ಲಗೆ ಕೇಳುವರು: "ಮತ್ತ, ಕುಂತು ಏನ್ ಮಾಡ್ತೀರಿ?"

ಈ ಪ್ರಶ್ನೆಗೆ "ಏನಿಲ್ಲ" ಎಂದವನು ಮುಗಿದ.

ನಾನೂ ಹಾಗೆಯೇ ಮುಗಿದವನು. ನಾನು ಚಿತ್ತಾಪುರದ ತಹಸೀಲ್ ಕಚೇರಿಯಲ್ಲಿ ಅಹಲಕಾರ, ಅಂದರೆ ಗುಮಾಸ್ತ. ಕಲಬುರಗಿಯ ದೊಡ್ಡ ಕಚೇರಿಗೆ ಕಾಗದ ಒಯ್ಯುವ ಕೆಲಸ ಆಗಾಗ ನನ್ನ ತಲೆಗೇ ಬರುತ್ತಿತ್ತು. ಗಾಡಿ ತಪ್ಪೀತೆಂಬ ಹೆದರಿಕೆಯಲ್ಲಿ ನಾನು ಯಾವಾಗಲೂ ಅದಕ್ಕಿಂತ ಮೊದಲಿನ ಗಾಡಿಗೇ ಹೊರಟುಬಿಡುತ್ತಿದ್ದೆ. "ಯಮ ಕರಿಯಾಕ ಬಂದ್ರ ನೀವು ಮೊದಲಽ ಹೋಗಿ ಬಾಗಿಲದಾಗ ಕುಂತಿರ್ತೀರಿ" ಎಂದು ನನ್ನ ಹೆಂಡತಿ ಹೇಳುವುದುಂಟು. ಹೀಗಾಗಿ ವಾಡಿಯಲ್ಲಿ ನನ್ನಷ್ಟು ಕಾಯುವವರು ಇನ್ನೊಬ್ಬರಿರಲಿಲ್ಲ. ಅವರ ಕಣ್ಣಿಗೆ ನಾನು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಸಲ ನಾನು ಜಾಣತನ ಮಾಡಿದೆ. ಅವರು ಕಣ್ಣಿಲ್ಲದ ಹೆಂಗಸಿನ ಮಾತು ತೆಗೆದೊಡನೆ ಕಿಸೆಯಿಂದ ಒಂದು ದುಡ್ಡು ತೆಗೆದು, "ಆ ಕುರುಡಿಗಿ ಕೊಟ್ಟುಬಿಡ್ರಿ" ಎಂದೆ.

ಅವರು ದುಡ್ಡನ್ನು ನೋಡಿದರು. ಬಳಿಕ ನನ್ನನ್ನು ನೋಡಿದರು. "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ. ಶರಣಮ್ಮ ಅಂತ ಒಬ್ಬಾಕಿ ಇದ್ದಾಳ, ಇಂಜಿನ್ ಶೆಡ್ಡಿನ ಮಂದಿಗಿ ರೊಟ್ಟಿ ಮಾಡಿ ಕೊಡ್ತಾಳ. ಆಕಿ ಬೀಸ್ತಾಳ, ಬಡೀತಾಳ, ಬೇಯಿಸ್ತಾಳ. ಜ್ವಾಳದಾಗಿನ ಸಣ್ಣ ಹಳ್ಳು ಒಂದು ಕಾಣಂಗಿಲ್ಲ. ರೊಕ್ಕ ಇಟಗೋರಿ ಸಾಹೇಬ್ರ. ನಿಮ್ಮ ಕಣ್ಣು ಕೊಡ್ರಿ. ಗಾಡಿ ಬರೂದ್ರಾಗ ವಾಪಸ್ ಕೊಡ್ತೀನಿ."

ಅವರು ತಮ್ಮನ್ನು ಮಾತ್ರ ಧಾರಾಳವಾಗಿ ಕುಂಟ ಎಂದುಕೊಳ್ಳುತ್ತಿದ್ದರು. ಬೇರೆ ಯಾರನ್ನಾದರೂ ಹಾಗೆ ಅಂದರೆ ಸಹಿಸುತ್ತಿರಲಿಲ್ಲ. ದಾನ, ಧರ್ಮ, ಪುಣ್ಯ, ಈ ಮಾತುಗಳು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಮಡಿಯ ಶಾಸ್ತ್ರಿಗಳೊಬ್ಬರು, ಆ ಜೋಳ ಯಾರು ಯಾರು ಮುಟ್ಟುತ್ತಾರೆ ಎಂದು ವಿಚಾರಿಸಿದಾಗ, "ಹಳ್ಳು ಕಾಣಿಸಿದ್ರ ಸಾಕ್ರಿ. ಕಣ್ಣಿಗಿ ಯಾವ ಜಾತಿ ಅದ?" ಎಂದಿದ್ದರು. ಶಾಸ್ತ್ರಿಗಳ ಗಂಟು ಆಗಲೇ ಇವರ ಬಗಲಲ್ಲಿ ಇದ್ದುದರಿಂದ ಚರ್ಚೆ ಅಲ್ಲಿಗೆ ನಿಂತಿತು.

ಯಾರನ್ನು ಯಾವ ಹಳಿಗೆ ಹಾಕಬೇಕೆಂಬುದು ಅವರಿಗೆ ಕಂಡೊಡನೆ ತಿಳಿಯುತ್ತಿತ್ತು. ಬಾಯಿ ನಿಲ್ಲದವರನ್ನು ಸಾಬಣ್ಣನ ಹತ್ತಿರ ಕೂಡಿಸುತ್ತಿದ್ದರು. ಅವನ ಪರವಾಗಿ ಗಿರಾಕಿಗಳ ಜೊತೆ ವ್ಯವಹಾರ ಕುದುರಿಸಲು ಒಂದು ಬಾಯಿ ಬೇಕಿತ್ತು. ಮಾತೇ ಆಡದವರನ್ನು ಕಲ್ಲುಗಣಿಯ ಮುದುಕನ ಬಳಿಗೆ ಅಟ್ಟುತ್ತಿದ್ದರು. ಆತನಿಗೆ ಬೇಕಿದ್ದದ್ದು ಬಾಯಿಗೆ ಬೀಡಿ ಹಿಡಿಯಲು ಒಂದು ಕೈ, ತನ್ನ ಕಥೆ ಕೇಳಲು ಎರಡು ಕಿವಿ. ನನ್ನನ್ನು ಶರಣಮ್ಮನ ಮನೆಗೆ ಕಳಿಸಿದರು. ನಾನು ಒಂದು ಪರಾತದಷ್ಟು, ಅಂದರೆ ದೊಡ್ಡ ಹರಿವಾಣದಷ್ಟು, ಜೋಳವನ್ನು ಆರಿಸಿ, ಏನಾದರೂ ಉಳಿದೀತೆಂದು ಮತ್ತೆ ಆರಿಸಿ, ಆರಿಸಿದ್ದರಲ್ಲಿ ಜೋಳವೇ ಹೋಗಿರಬಹುದೆಂದು ಹಳ್ಳಿನ ಗುಡ್ಡೆಯನ್ನೂ ಆರಿಸಿದೆ. ಶರಣಮ್ಮ ಬೀಸುಕಲ್ಲಿನ ಮುಂದೆ ಕೈಕಟ್ಟಿ ಕೂತು, "ಯಪ್ಪಾ, ಜ್ವಾಳ ಹಸನ ಮಾಡ್ಲಿಕತ್ತೀರೋ, ಲಗ್ನಕ್ಕ ಹೆಣ್ಣು ನೋಡ್ಲಿಕತ್ತೀರೋ?" ಎಂದಳು. ಆದರೆ ಅವತ್ತಿನ ರೊಟ್ಟಿಯನ್ನು ತಿಂದವರು ತಕರಾರು ತೆಗೆಯಲಿಲ್ಲ. ಅಂದಿನಿಂದ ಮುತ್ಯಾ ನನ್ನನ್ನು ಕಂಡರೆ ಕಟ್ಟೆಯ ಮೇಲಿನಿಂದಲೇ ಕೂಗುವರು: "ಬರ್ರಿ ಬರ್ರಿ! ಇಂಥಾ ಅಂಜುಬುರುಕ ಕಣ್ಣು ಇಡೀ ನಿಜಾಮರ ಮುಲ್ಕಿನ್ಯಾಗ ಸಿಗಂಗಿಲ್ಲ!"

ನನ್ನ ಹೆದರಿಕೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಎಲ್ಲರ ಕಣ್ಣೂ ನನ್ನ ಕಣ್ಣಿನಂತಿರಲಿಲ್ಲ. ಇಂಜಿನ್ ಶೆಡ್ಡಿನ ಒಬ್ಬ ಫಿಟ್ಟರ್ ರೊಟ್ಟಿಯಲ್ಲಿ ಹಳ್ಳು ಕಡಿದು ಹಲ್ಲು ಮುರಿದುಕೊಂಡ. ಹಲ್ಲು ಮೊದಲೇ ಅಲ್ಲಾಡುತ್ತಿತ್ತೆಂದು ಕಾಂಟೇವಾಲಾ ಮುತ್ಯಾ ವಾದಿಸಿದರು. ಫಿಟ್ಟರ್ ಒಪ್ಪಲಿಲ್ಲ. ಸುದ್ದಿ ಹಳಿಗುಂಟ ಹೊರಟು ನಾಲವಾರ ಮುಟ್ಟಿತು. ಅಲ್ಲಿ ಶರಣಮ್ಮನ ತಮ್ಮನಿದ್ದ. ಹೊಲ, ಎತ್ತು, ತುಂಬಿದ ಮನೆ ಇದ್ದ ಒಳ್ಳೆಯ ರೈತ. ಅಕ್ಕ ಒಬ್ಬಳೇ ವಾಡಿಯಲ್ಲಿ ಒಲೆಯ ಮುಂದೆ ಕೂಡುವುದು ಅವನಿಗೆ ಎಂದೂ ಸರಿಬಂದಿರಲಿಲ್ಲ. ಹಲ್ಲಿನ ಸುದ್ದಿ ಕೇಳಿದೊಡನೆ ಬಂದ.

"ನಡಿ ಯಕ್ಕಾ. ನಮ್ಮನ್ಯಾಗ ಏನ್ ಕಮ್ಮಿ ಅದ? ಒಂದು ಮೂಲ್ಯಾಗ ಕುಂತು ಉಣ್ಣು."

"ನನಗ ಮೂಲಿ ಬ್ಯಾಡೋ ತಮ್ಮಾ" ಎಂದಳು ಶರಣಮ್ಮ. "ಒಲಿ ಬೇಕು."

"ನಿನ್ನ ರೊಟ್ಟಿ ತಿಂದು ಮಂದಿ ಹಲ್ಲು ಉದುರ್ಲಿಕತ್ತಾವ. ನಾಳಿಗಿ ನೀನಽ ಒಲ್ಯಾಗ ಬಿದ್ರ ಜನ ನನಗ ಏನಂತಾರ?"

ಮುತ್ಯಾ ನಡುವೆ ಬಂದರು. ಅಮಾವಾಸ್ಯೆಗೆ ಅವನೇ ಬಂದು ಶರಣಮ್ಮನ ರೊಟ್ಟಿ ತಿನ್ನಬೇಕು. ಒಂದು ಹಳ್ಳು ಸಿಕ್ಕರೂ ಅವಳು ಗಂಟು ಕಟ್ಟಿಕೊಂಡು ನಾಲವಾರಕ್ಕೆ ನಡೆಯಬೇಕು. ಸಿಗದಿದ್ದರೆ ಅವನು ಮತ್ತೆ ಈ ಮಾತು ಎತ್ತಕೂಡದು ಎಂದು ಕರಾರಾಯಿತು. ಶರಣಮ್ಮ ಒಪ್ಪಿದಳು. ಆದರೆ ತಮ್ಮ ಹೊರಟಮೇಲೆ ಅವಳು ಬೀಸುಕಲ್ಲಿನ ಗೂಟವನ್ನು ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದಳಂತೆ, ಬೀಸದೆ.

ಅಮಾವಾಸ್ಯೆಯ ಹಿಂದಿನ ದಿನ ಮುತ್ಯಾ ಭಾಳ ಖಬರ್ದಾರಿಯಿಂದ ಇಬ್ಬರನ್ನು ಆರಿಸಿ ಕಳಿಸಿದರು. ಒಬ್ಬ ಪೊಲೀಸ್ ಜವಾನ, ಇನ್ನೊಬ್ಬ ಚಿಂಚೋಳಿಯ ಶಾಲೆ ಮಾಸ್ತರ. ಇಬ್ಬರೂ ಚೊಕ್ಕಟವಾಗಿ ಹಸನು ಮಾಡಿದರು. ಕೊನೆಯಲ್ಲಿ ಚಿಂಚೋಳಿಯ ಕಾಡಿನಲ್ಲಿ ಹುಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ವಾದ ಹತ್ತಿತು. ಹುಲಿ ಹೇಗೆ ಹಾರುತ್ತದೆಂದು ಮಾಸ್ತರರು ಕೈ ಬೀಸಿ ತೋರಿಸಿದಾಗ, ಆರಿಸಿಟ್ಟಿದ್ದ ಹಳ್ಳೆಲ್ಲ ಹಾರಿ ಜೋಳದ ರಾಶಿಯಲ್ಲಿ ಬಿತ್ತು. ಅಷ್ಟರಲ್ಲಿ ಗಾಡಿ ಬಂತು, ಇಬ್ಬರೂ ಹೋದರು.

ಮರುದಿನ ಬೆಳಿಗ್ಗೆ ನಾನು ವಾಡಿಯಲ್ಲಿ ಇಳಿದಾಗ ಈ ಸುದ್ದಿಯೆಲ್ಲ ಸ್ಟೇಷನ್ನಿನಲ್ಲಿ ಹಬ್ಬಿತ್ತು. ಅಂದು ಮಧ್ಯಾಹ್ನ ಕಲಬುರಗಿಯ ಕಚೇರಿಯಲ್ಲಿ ದೊಡ್ಡ ಸಾಹೇಬರ ಮುಂದೆ ನಾನೇ ಹಾಜರಾಗಬೇಕಿತ್ತು. ಅವರ ಸಿಟ್ಟಿನ ಖ್ಯಾತಿ ಸೇಡಂವರೆಗೂ ಇತ್ತು. ವಾರದಿಂದ ನನಗೆ ನಿದ್ದೆ ಇರಲಿಲ್ಲ. ಕಟ್ಟೆಯ ಕಡೆ ನೋಡಿದರೆ ಮುತ್ಯಾ ಇಲ್ಲ. ಅವರು ಸ್ಟೇಷನ್ ಮಾಸ್ತರರ ಕೋಣೆಯ ಬಾಗಿಲಲ್ಲಿ, ಕಂಕುಳಿನ ಕೋಲನ್ನು ನೆಲಕ್ಕೆ ಕುಟ್ಟುತ್ತ ನಿಂತಿದ್ದರು.

"ಇದು ಯಾವ ನ್ಯಾಯರೀ ಸಾಹೇಬ್ರ? ಮದ್ರಾಸ್ ಗಾಡಿ ಟೈಮಿಗಿ ಬಂತು, ಹೈದರಾಬಾದ್ ಗಾಡಿ ಟೈಮಿಗಿ ಬಂತು, ಈಗ ಬೊಂಬಾಯಿ ಗಾಡಿನೂ ಟೈಮಿಗಿ ಬರ್ಲಿಕತ್ತದ ಅಂತೀರಿ! ಮಂದಿ ಹಂಗಽ ಇಳದು ಹಂಗಽ ಹತ್ತಿ ಹೋದ್ರ ನಾ ಯಾರನ್ನ ಹಿಡೀಲಿ?"

ಸ್ಟೇಷನ್ ಮಾಸ್ತರರು ನೌಕರಿ ಸೇರಿದಂದಿನಿಂದ ಗಾಡಿ ತಡವಾಯಿತೆಂಬ ಬೈಗಳನ್ನೇ ತಿಂದವರು. ಹೊತ್ತಿಗೆ ಬಂದದ್ದಕ್ಕೆ ಏನು ಉತ್ತರ ಕೊಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. "ಇನ್ನು ಮುಂದೆ ಹೀಗಾಗದ ಹಾಗೆ ನೋಡಿಕೊಳ್ಳೋಣ" ಎಂದುಬಿಟ್ಟರು.

ಮುಸಾಫಿರಖಾನೆ ಖಾಲಿ ಆಗಿತ್ತು. ಸಾಬಣ್ಣ ಚಿತ್ತಾಪುರದ ಸಂತೆಗೆ ಹೋಗಿದ್ದ. ಹಮಾಲರು ಗೂಡ್ಸ್ ಶೆಡ್ಡಿನಲ್ಲಿ ಸಿಮೆಂಟಿನ ಚೀಲ ಇಳಿಸುತ್ತಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಬೊಂಬಾಯಿ ಗಾಡಿ ಹತ್ತಲು ತಯಾರಾಗಿ ನಿಂತ ನಾಲ್ಕಾರು ಜನ, ಅವರಲ್ಲಿ ಎಲ್ಲರಿಗಿಂತ ಮುಂದೆ ನಾನು. ಸಿಗ್ನಲ್ ಬಿದ್ದಿತ್ತು.

ಮುತ್ಯಾ ಕೋಲು ಊರುತ್ತ ನನ್ನ ಹತ್ತಿರ ಬಂದರು. ಆ ಪ್ರಶ್ನೆ ಬಂತೆಂದು ನಾನು ಗಂಟನ್ನು ಎದೆಗೆ ಅವುಚಿಕೊಂಡೆ. ಅವರು ಕೇಳಲಿಲ್ಲ.

"ನಿಮ್ಮ ಗಾಡಿ ಬಂತ್ರಿ ಅಹಲಕಾರ ಸಾಹೇಬ್ರ. ಮುಂದಿನ ಡಬ್ಬ್ಯಾಗ ಜಾಗ ಇರ್ತದ, ಹತ್ರಿ" ಎಂದರು. ಹಿಂತಿರುಗಿ ಕಟ್ಟೆಗೆ ಹೋದರು. ಅಲ್ಲಿ ಶರಣಮ್ಮನ ಪರಾತವಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಹಿಡಿ ಜೋಳವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು. ಬಳಿಕ ತೋಳು ಚಾಚಿ ದೂರ ಹಿಡಿದು ನೋಡಿದರು. ದೂರದ ಸಿಗ್ನಲ್ ಕಾಣುವ ಕಣ್ಣಿಗೆ ಅಂಗೈಯೊಳಗಿನ ಕಾಳು ಕಾಣುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಆರಿಸುತ್ತಿದ್ದರು.

ಗಾಡಿ ಬಂದು ನಿಂತಿತು. ಆಗ ನಾನು ಮಾಡಿದ್ದನ್ನು ಕೆಲವರು ತ್ಯಾಗ ಎಂದು ಕರೆದಿದ್ದಾರೆ. ಅಂಥದ್ದೇನೂ ಇಲ್ಲ. ನನ್ನ ಮುಂದೆ ಎರಡು ಚಿಂತೆಗಳಿದ್ದವು. ಹತ್ತದಿದ್ದರೆ ಸಾಹೇಬರು ಬೈಯುತ್ತಾರೆ. ಹತ್ತಿದರೆ ಕಲಬುರಗಿ ಮುಟ್ಟುವವರೆಗೆ, ಆಮೇಲೆ ಮನೆಗೆ ಬಂದು ಮಲಗಿದರೂ, ನಾಲವಾರದ ಆ ತಮ್ಮನ ಹಲ್ಲಿಗೆ ಹಳ್ಳು ಸಿಕ್ಕ ಸಪ್ಪಳ ನನ್ನ ಕಿವಿಯಲ್ಲಿ ಕೇಳುತ್ತಿರುತ್ತದೆ. ಸಾಹೇಬರಾದರೆ ಒಂದೇ ಸಲ ಬೈದು ಬಿಡುತ್ತಾರೆ. ಎರಡರಲ್ಲಿ ಚಿಕ್ಕ ಚಿಂತೆಯನ್ನು ಆರಿಸಿಕೊಂಡೆ. ಗಾಡಿ ನನ್ನ ಕಣ್ಣೆದುರೇ ಹೋಯಿತು. ಹುಟ್ಟಿದಂದಿನಿಂದ ಹೆದರಿಕೊಂಡು ಬಂದಿದ್ದ ಸಂಗತಿ ಹೀಗೆ ಸುಲಭವಾಗಿ ಆಗಿಬಿಟ್ಟಿತು, ಸ್ವಲ್ಪ ನಿರಾಸೆಯೇ ಆಯಿತು.

"ಗಾಡಿ ತಪ್ಪಿಸಿಕೊಂಡ್ರೇನು?" ಎಂದರು ಮುತ್ಯಾ, ತಲೆ ಎತ್ತದೆ.

"ಹೂಂ."

"ಮತ್ತ ಈಗ ಕುಂತು ಏನ್ ಮಾಡ್ತೀರಿ?"

ಪರಾತ ಕಸಿದುಕೊಂಡೆ. ಶರಣಮ್ಮನ ಅಂಗಳದಲ್ಲಿ ಕೂತು ಅಂದು ನಾನು ಹಸನು ಮಾಡಿದಷ್ಟು ಜೋಳವನ್ನು ಭೂಮಿಯ ಮೇಲೆ ಯಾರೂ ಮಾಡಿರಲಾರರು. ಶರಣಮ್ಮ ಅಂದು ಚೇಷ್ಟೆ ಮಾಡಲಿಲ್ಲ. "ಆತೇನ್ರಿ? ಆತೇನ್ರಿ?" ಎಂದಷ್ಟೇ ಕೇಳುತ್ತಿದ್ದಳು. ನಾನು ಕೊಟ್ಟ ಹಾಗೆ ಅವಳು ಬೀಸಿದಳು. ಮುತ್ಯಾ ಹಳಿಯ ಕಡೆ ಕಿವಿ ಇಟ್ಟು ಕೂತು, ನಾಲವಾರದ ಪ್ಯಾಸೆಂಜರಾದರೂ ತಡವಾಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತರು. ಅದು ತಡವಾಯಿತು. ಸ್ಟೇಷನ್ ಮಾಸ್ತರರು ತಾವೇ ಬಂದು ಆ ಸಂತೋಷದ ಸುದ್ದಿ ಹೇಳಿ ಹೋದರು.

ತಮ್ಮ ಬಂದು ಕೂತಾಗ ಶರಣಮ್ಮ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಇಟ್ಟಳು. ನಾನು ರೊಟ್ಟಿಯನ್ನು ಬಗ್ಗಿ ನೋಡಿದೆ. ಮೆತ್ತನೆಯ ರೊಟ್ಟಿಯಲ್ಲ. ಹೆಂಚಿನ ಮೇಲೆ ಬಿಟ್ಟು ಬಿಟ್ಟು ಹಪ್ಪಳದಂತೆ ಮಾಡಿದ ಕಡಕ್ ರೊಟ್ಟಿ. ಅವನು ಮುರಿದು ಬಾಯಿಗಿಟ್ಟ. ಕರಂ ಎಂದಿತು. ನಾನು ಕಣ್ಣು ಮುಚ್ಚಿದೆ. ಮತ್ತೆ ಕುರುಂ. ಪ್ರತಿಯೊಂದು ತುತ್ತಿಗೂ ಅದೇ ಸಪ್ಪಳ. ಹಳ್ಳು ಯಾವುದು, ರೊಟ್ಟಿ ಯಾವುದು, ತಿನ್ನುವವನಿಗೂ ತಿಳಿಯುವ ಹಾಗಿರಲಿಲ್ಲ. ಅವನು ತಡೆದು ತಡೆದು, ನಾಲಿಗೆಯಿಂದ ಹಲ್ಲುಗಳನ್ನು ತಡವಿ ನೋಡುತ್ತ, ಗಂಗಾಳ ಖಾಲಿಯಾಗುವವರೆಗೂ ತಿಂದ. ನಾನು ಅಷ್ಟೂ ಹೊತ್ತು ನನ್ನ ಅಂಗಿಯ ಗುಂಡಿ ತಿಂದಿದ್ದೆ.

"ಹಳ್ಳು ಇದ್ದಂಗ ಕಾಣಲಿಲ್ಲ" ಎಂದ ಕೊನೆಗೆ, ದವಡೆ ಸವರಿಕೊಳ್ಳುತ್ತ. ಬಳಿಕ ನನ್ನನ್ನು ಮೊದಲ ಸಲ ನೋಡಿದ. ತಲೆಗೆ ರುಮಾಲು, ಮೈಗೆ ಶೇರ್ವಾನಿ, ಮುಂದೆ ಪರಾತ. "ಯಕ್ಕಾ, ಇವ್ರು ಯಾರು?"

"ತಹಸೀಲಿನ ಅಹಲಕಾರ ಸಾಹೇಬ್ರೋ ತಮ್ಮಾ. ದಿನಾ ಯಾರಾದ್ರೂ ಬರ್ತಾರ."

ಅವನು ಖಾಲಿ ಗಂಗಾಳವನ್ನು ಆಚೆ ಸರಿಸಿದ. "ಇಲ್ಲಿ ಸರಕಾರಿ ಮಂದಿ ನಿನಗ ಜ್ವಾಳ ಹಸನ ಮಾಡಿ ಕೊಡ್ತಾರ" ಎಂದ. "ನಮ್ಮನ್ಯಾಗ ನನ್ನ ಹೇಣ್ತಿನೂ ನನ್ನ ಮಾತು ಕೇಳಂಗಿಲ್ಲ. ಬ್ಯಾಡ, ನೀ ಇಲ್ಲೇ ಇರು."

ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆ ಎಂದಳು. ಒಲೆ ಆಗಲೇ ಆರಿತ್ತು. ಕಡಕ್ ರೊಟ್ಟಿ ಯಾಕೆ ಮಾಡಿದಿ ಎಂದು ಆಮೇಲೆ ನಾನು ಪಿಸುಮಾತಿನಲ್ಲಿ ಕೇಳಿದೆ. "ನಿಮ್ಮ ಕಣ್ಣಿನ ಮ್ಯಾಲ ನನಗ ಪೂರಾ ಭರೋಸಾ ಅದರೀ. ಆದ್ರೂ ಇರ್ಲಿ ಅಂತ" ಎಂದಳು.

ತಮ್ಮ ಎದ್ದು ರುಮಾಲು ಕೊಡವಿದ. ಮುತ್ಯಾ ಅವನ ಚೀಲವನ್ನು ಪ್ರೀತಿಯಿಂದ ತಮ್ಮ ಬಗಲಿಗೆ ಎಳೆದುಕೊಂಡರು.

"ನಾಲವಾರದ ಗಾಡಿಗಿ ಇನ್ನಾ ಭಾಳ ಹೊತ್ತದ ತಮ್ಮಾ. ಅಲ್ಲೀ ತನಕ ಕುಂತು ಏನ್ ಮಾಡ್ತಿ?"

"ಏನಿಲ್ಲ" ಎಂದ ಪಾಪದವನು. ಮರುದಿನದ ಜೋಳವನ್ನೆಲ್ಲ ಅವನೇ ಹಸನು ಮಾಡಿದ.

ಕಲಬುರಗಿಯ ಸಾಹೇಬರು ಅಂದು ರಜೆಯಲ್ಲಿದ್ದರೆಂದು ಆಮೇಲೆ ತಿಳಿಯಿತು. ನನ್ನ ಒಂದು ವಾರದ ಚಿಂತೆ ಪೂರ್ತಿ ದಂಡ.

ಹೋದ ತಿಂಗಳು ಹಮಾಲನ ಮಾತು ಕೇಳಿ ನಾನು ಬೇವಿನ ಮರದ ಕಡೆ ನಡೆದಾಗ ಇದೆಲ್ಲ ತಲೆಯಲ್ಲಿತ್ತು. ಕಟ್ಟೆ ಖಾಲಿ ಇದ್ದೀತು, ಶರಣಮ್ಮ ಇಷ್ಟರಲ್ಲೇ ನಾಲವಾರದ ಮೂಲೆ ಸೇರಿದ್ದಾಳು ಎಂದು ಲೆಕ್ಕ ಹಾಕುತ್ತಿದ್ದೆ. ಕಟ್ಟೆಯ ಮೇಲೆ ಸಾಬಣ್ಣ ಕೂತಿದ್ದ, ಉಳಿ, ಸೂಜಿ, ಮೇಣದ ದಾರ ಹರಡಿಕೊಂಡು. ನನ್ನನ್ನು ನೋಡಿ ಎದ್ದು ನಿಂತ. ಮುತ್ಯಾರ ಕೋಲು ಮರಕ್ಕೆ ಆನಿಕೊಂಡಿತ್ತು. ಅದರ ಕಡೆ ಕೈ ತೋರಿಸಿ, ಆಮೇಲೆ ಆಕಾಶದ ಕಡೆ ತೋರಿಸಿದ.

ಬಳಿಕ ಅವನು ಬಗ್ಗಿ ನನ್ನ ಎಡಗಾಲಿನ ಚಪ್ಪಲಿಯನ್ನು ತೆಗೆದುಕೊಂಡ. ಅದರ ಅಟ್ಟೆ ಕಿತ್ತಿದೆಯೆಂದು ತೋರಿಸಿದ. ಕಿತ್ತಿರಲಿಲ್ಲ. ಅದನ್ನು ತನ್ನ ಬಗಲಿನಲ್ಲಿಟ್ಟುಕೊಂಡ. ಅಲ್ಲಿ ಆಗಲೇ ಬೇರೆ ಬೇರೆ ಅಳತೆಯ ಒಂಟಿ ಚಪ್ಪಲಿ, ಒಂಟಿ ಬೂಟುಗಳ ಸಾಲೇ ಇತ್ತು. ಅವನು ಶರಣಮ್ಮನ ಮನೆಯ ಕಡೆ ಕೈ ಮಾಡಿ, ಅಂಗೈ ಮೇಲೆ ಕಾಳು ಆರಿಸುವ ಹಾಗೆ ಬೆರಳಾಡಿಸಿದ.

ನನ್ನ ಗಾಡಿಗೆ ಹೆಚ್ಚು ಹೊತ್ತಿಲ್ಲ, ಸಿಗ್ನಲ್ ಬೀಳುವುದರಲ್ಲಿದೆ, ಕಲಬುರಗಿಯಲ್ಲಿ ಜರೂರು ಕೆಲಸವಿದೆ, ಮಂಡಿನೋವೂ ಇದೆ ಎಂದು ನಾನು ವಿವರವಾಗಿ ಹೇಳಿದೆ. ಸಾಬಣ್ಣ ನನ್ನ ತುಟಿಗಳನ್ನು ಬಹಳ ಮರ್ಯಾದೆಯಿಂದ ನೋಡಿದ. ಮುಗಿದ ಮೇಲೆ ಮತ್ತೆ ಶರಣಮ್ಮನ ಮನೆಯ ಕಡೆ ಕೈ ಮಾಡಿದ. ಮುತ್ಯಾರ ಹತ್ತಿರವಾದರೂ ನೂರಕ್ಕೊಬ್ಬ ನೆಪ ಹೇಳಿ ಪಾರಾಗುತ್ತಿದ್ದ. ಇವನ ಮುಂದೆ ಅದೂ ಸಾಧ್ಯವಿರಲಿಲ್ಲ.

ಹೊರಟೆ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಕಾಲಿನ ಕೆಳಗೆ ಕಾದ ಕರಿಕಲ್ಲು. ಅವಸರ ಮಾಡಲು ಆಗುತ್ತಿರಲಿಲ್ಲ. ಕುಂಟುತ್ತ ಕುಂಟುತ್ತ ಹಳಿಯ ಪಕ್ಕದ ಓಣಿ ಹಿಡಿದು ಹೋದೆ. ಹಿಂದೆ ಗಾಡಿ ಕೂಗಿತು, ಹೊತ್ತಿಗೆ ಸರಿಯಾಗಿ. ಮುಂದೆ ಶರಣಮ್ಮನ ಅಂಗಳದಿಂದ ಬೀಸುಕಲ್ಲಿನ ಸಪ್ಪಳ ಬರುತ್ತಿತ್ತು.